ಮೈಕ್ ಸೆಟ್ಟಿಗೆ ಕರೆಂಟು ಬಂದ ಬಗೆ

 

ನಮ್ಮ ಕೀಳ್ ಕೋತಗಿರಿ ಕಡೆ ಹಬ್ಬವಾಗಲಿ, ಮದುವೆಯಾಗಲಿ, ಎಲೆಕ್ಷನ್ ಸಭೆಯಾಗಲಿ, ಜನ ಸೇರುವ ಮೊದಲೇ ಬಂದು ಕೂರುವುದು ಮೈಕ್ ಸೆಟ್ಟು. ತಮಿಳಿನಲ್ಲಿ ಅದನ್ನು ಒಲಿಪೆರುಕ್ಕಿ ಎಂದು ಬರೆಯುತ್ತಾರೆ, ಕನ್ನಡದಲ್ಲಿ ಧ್ವನಿವರ್ಧಕ ಎಂದು ಬರೆಯುತ್ತೇವೆ. ಬಾಯಲ್ಲಿ ಮಾತ್ರ ಎರಡು ಕಡೆಯವರಿಗೂ ಅದು ಮೈಕ್ ಸೆಟ್ಟೇ. ಮನೆಯಲ್ಲಿ ಬಡಗ ಮಾತು, ಶಾಲೆಯಲ್ಲಿ ತಮಿಳು, ರೇಡಿಯೋದಲ್ಲಿ ಕನ್ನಡ ಎಂದು ಬೆಳೆದ ನಮಗೆ ಇಂಥ ಪದಗಳ ವಿಷಯದಲ್ಲಿ ಜಗಳವಿಲ್ಲ. ಆ ಸೆಟ್ಟಿನ ಒಳಗಿರುವ ಆಂಪ್ಲಿಫೈಯರ್ ಬೋರ್ಡು ಎಲ್ಲಿಂದ ಬಂತು, ಅದಕ್ಕೆ ಬೇಕಾದ ಕರೆಂಟು ನಮ್ಮ ಬೆಟ್ಟಕ್ಕೆ ಹೇಗೆ ಬಂತು ಎಂಬುದನ್ನು ಇವತ್ತು ನೋಡೋಣ. ಈಗಲೂ ಮನೆಯಲ್ಲೇ ಬೋರ್ಡು ಜೋಡಿಸುವ ಹುಡುಗರು ಇದ್ದಾರೆ. ಅವರಿಗಾಗಿ ನಾಲ್ಕು ಮಾತನ್ನು ಜೊತೆಯಲ್ಲೇ ಸೇರಿಸುತ್ತೇನೆ. ನಾನು ಇಂಜಿನಿಯರ್ ಅಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿಗೆ ಸೇರಿ ಲೆಡ್ಜರ್ ಬರೆದವನು. ಸಂಜೆಯ ಹೊತ್ತು ಸೋಲ್ಡರಿಂಗ್ ಐರನ್ ಹಿಡಿದವನು, ಅಷ್ಟೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ಬೋರ್ಡು ಸಣ್ಣ ದನಿಯನ್ನು ಹಿಗ್ಗಿಸಿ ದೊಡ್ಡದು ಮಾಡುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಕೆರೆಯ ತೂಬನ್ನು ನೆನೆಸಿಕೊಳ್ಳಿ. ತೂಬಿನ ಕದವನ್ನು ಒಬ್ಬ ಹುಡುಗ ಎತ್ತಿ ಇಳಿಸಬಲ್ಲ, ಆದರೆ ಕಾಲುವೆಯಲ್ಲಿ ಹರಿಯುವ ನೀರು ಆ ಹುಡುಗನ ಬಲದಿಂದ ಬಂದದ್ದಲ್ಲ, ಕೆರೆಯದು. ಹಾಗೆಯೇ ಮೈಕಿನಿಂದ ಬರುವ ಸಣ್ಣ ದನಿ ಕದವನ್ನು ಎತ್ತಿ ಇಳಿಸುತ್ತದೆ. ಸ್ಪೀಕರಿನಲ್ಲಿ ನಾವು ಕೇಳುವುದು ಆ ದನಿಯ ಆಕಾರದಲ್ಲಿ ಹರಿದು ಬಂದ ಕರೆಂಟನ್ನು. ಕೆರೆ ಬತ್ತಿದ್ದರೆ ಕದ ಎತ್ತಿ ಏನು ಫಲ? ಆದ್ದರಿಂದ ಆಂಪ್ಲಿಫೈಯರಿನ ಚರಿತ್ರೆ ಎಂದರೆ ಮುಕ್ಕಾಲು ಪಾಲು ಕರೆಂಟಿನ ಚರಿತ್ರೆ. ನಮ್ಮ ಬೆಟ್ಟದಲ್ಲಂತೂ ಇದು ನಿಜ.

ಕರೆಂಟು ಇಲ್ಲದ ಕಾಲದಲ್ಲಿ ಈ ಬೆಟ್ಟದಲ್ಲಿ ದೂರಕ್ಕೆ ಕೇಳಿಸುವ ಶಬ್ದ ಯಾರದಾಗಿತ್ತು? ಕೋತರದು. ನಮ್ಮ ಊರಿನ ಹೆಸರಿನಲ್ಲೇ ಅವರಿದ್ದಾರೆ. ಕಬ್ಬಿಣದ ಕೆಲಸ, ಮಡಕೆ, ಮರಗೆಲಸದ ಜೊತೆಗೆ ಬಡಗರ ಮತ್ತು ತೋಡರ ಸಾವಿನ ಮನೆಗಳಲ್ಲಿ ವಾದ್ಯ ನುಡಿಸುವುದೂ ತಲೆತಲಾಂತರದಿಂದ ಅವರ ಪಾಲಿನದಾಗಿತ್ತು. ಊದುವ ಕೊಳ್, ಬಾಗಿದ ಕೊಂಬು, ಬಡಿಯುವ ತಬಟ್ಕ್, ಇವು ಮೂರೂ ಸೇರಿದರೆ ಒಂದು ಹಟ್ಟಿಯ ಸುದ್ದಿ ಕಣಿವೆಯಾಚೆಯ ಹಟ್ಟಿಗೆ ಮುಟ್ಟುತ್ತಿತ್ತು. 1930ರ ಸುಮಾರಿಗೆ ಬಡಗರಲ್ಲಿ ಸುಧಾರಣೆಯ ಗಾಳಿ ಬೀಸಿ ಕೋತರ ವಾದ್ಯ ಬೇಡ ಎಂಬ ಮಾತು ಎದ್ದಿತು. ಆ ಹಳೆಯ ಕೊಡುಕೊಳ್ಳುವಿಕೆ ಕಡಿಯುತ್ತಾ ಬಂತು. ಇದಕ್ಕೂ ಮೈಕ್ ಸೆಟ್ಟಿಗೂ ಸಂಬಂಧವಿಲ್ಲ, ಅದು ಜಾತಿ, ಮರ್ಯಾದೆಗಳ ಪ್ರಶ್ನೆಯಾಗಿತ್ತು. ಆದರೆ ಅದೇ ಹತ್ತು ವರ್ಷದೊಳಗೆ ಬೆಟ್ಟದಲ್ಲಿ ಕರೆಂಟು ಹುಟ್ಟಿತು ಎಂಬುದನ್ನು ಗಮನಿಸಬೇಕು.

ನೀಲಗಿರಿಯಲ್ಲಿ ನೀರಿನಿಂದ ಕರೆಂಟು ತೆಗೆದದ್ದು ಅದಕ್ಕೂ ಮೊದಲೇ. ಅರುವಂಕಾಡಿನಲ್ಲಿ 20ನೆಯ ಶತಮಾನದ ಆರಂಭದಲ್ಲಿ ಮದ್ದಿನ ಕಾರ್ಖಾನೆ ಶುರುವಾದಾಗ ಅದಕ್ಕೆ ಕಾಟೇರಿ ಜಲಪಾತದಿಂದ ಶಕ್ತಿ ಒದಗಿಸಿದರು. ಆದರೆ ಅದು ಕಾರ್ಖಾನೆಗೆ ಮಾತ್ರ. ದೊಡ್ಡ ಕೆಲಸವೆಂದರೆ ಪೈಕಾರಾ. ಮದ್ರಾಸ್ ಸರ್ಕಾರ 1929ರಲ್ಲಿ ಕೆಲಸ ಹಿಡಿದು 1932ರಲ್ಲಿ ಕರೆಂಟು ಹರಿಸಿತು. ಪೈಕಾರಾ ಹೊಳೆಯ ನೀರು ಉಕ್ಕಿನ ಕೊಳವೆಗಳಲ್ಲಿ 3000 ಅಡಿಗೂ ಹೆಚ್ಚು ಎತ್ತರದಿಂದ ಇಳಿದು ಮಸಿನಗುಡಿ ಹತ್ತಿರದ ಸಿಂಗಾರದ ಪವರ್ ಹೌಸಿನಲ್ಲಿ ಚಕ್ರ ತಿರುಗಿಸಿತು. ಆ ಕಾಲಕ್ಕೆ ಅಷ್ಟು ಎತ್ತರದ ಬೀಳು ನೀರು ಬಹಳ ಅಪರೂಪ.

ಆ ಕರೆಂಟು ಎಲ್ಲಿಗೆ ಹೋಯಿತು? ಕೆಳಕ್ಕೆ, ಕೊಯಮತ್ತೂರಿಗೆ. ಅಲ್ಲಿ ನೂಲಿನ ಗಿರಣಿಗಳು ಒಂದರ ಹಿಂದೆ ಒಂದು ಎದ್ದದ್ದು ಪೈಕಾರಾದ ಬಲದಿಂದ ಎಂದು ಚರಿತ್ರೆ ಬರೆದವರೆಲ್ಲ ಒಪ್ಪುತ್ತಾರೆ. ನೀರು ನಮ್ಮದು, ಮಳೆ ನಮ್ಮದು. ತಂತಿ ಮಾತ್ರ ನಮ್ಮ ತಲೆಯ ಮೇಲೆ ಹಾದು ಹೋಯಿತು. ತಂತಿಯ ಕೆಳಗಿನ ಎಷ್ಟೋ ಹಟ್ಟಿಗಳಲ್ಲಿ ಇನ್ನೂ ಸೀಮೆಎಣ್ಣೆ ದೀಪ ಉರಿಯುತ್ತಿತ್ತು. ಇದನ್ನು ದೂರಾಗಿ ಹೇಳುತ್ತಿಲ್ಲ, ಮೈಸೂರಿನಲ್ಲೂ ಹೀಗೇ ನಡೆದಿತ್ತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ಕರೆಂಟು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹೊಳೆಯ ದಡದ ಹಳ್ಳಿಗಳ ಸರದಿ ಇನ್ನೂ ಎಷ್ಟೋ ತಡವಾಗಿ ಬಂತು. ಎಲ್ಲಿ ದುಡ್ಡಿದೆಯೋ ಅಲ್ಲಿಗೆ ಮೊದಲ ಕಂಬ ಎಂಬುದು ಆ ಕಾಲದ ಲೆಕ್ಕ.

ಇತ್ತ ದನಿಯ ಕಡೆಯ ಕಥೆಯನ್ನೂ ನೋಡೋಣ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಎಂಬವರು ಮೂರು ತುದಿಗಳಿರುವ ಗಾಜಿನ ವಾಲ್ವನ್ನು ಮಾಡಿದರು. ಅದು ದನಿಯನ್ನು ವರ್ಧಿಸಬಲ್ಲದು ಎಂದು ಚೆನ್ನಾಗಿ ತಿಳಿಯಲು 1912ರ ತನಕ ಬೇಕಾಯಿತು. 1915ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೆನ್ಸನ್ ಮತ್ತು ಪ್ರಿಡಮ್ ಎಂಬಿಬ್ಬರು ದೊಡ್ಡ ಜನಸಂದಣಿಯ ಮುಂದೆ ಲೌಡ್‌ಸ್ಪೀಕರ್ ಹಾಡಿಸಿ ತೋರಿಸಿದರು. 1919ರಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ ಸ್ಯಾನ್ ಡಿಯಾಗೋದಲ್ಲಿ ಅದೇ ಬಗೆಯ ಯಂತ್ರದ ಮೂಲಕ ಸಾವಿರಾರು ಜನರಿಗೆ ಭಾಷಣ ಮಾಡಿದರು. ಒಬ್ಬನ ಗಂಟಲಿಗೆ ಎಟುಕುವಷ್ಟೇ ಸಭೆ ಎಂಬ ಮಿತಿ ಅಲ್ಲಿಗೆ ಮುರಿಯಿತು.

ನಮ್ಮ ಕನ್ನಡದ ಭಾಗ್ಯವೆಂದರೆ 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ನಿಲಯ ತೆರೆದದ್ದು. ಆಕಾಶವಾಣಿ ಎಂಬ ಹೆಸರು ಇಡೀ ದೇಶಕ್ಕೆ ಬಂದದ್ದು ಅಲ್ಲಿಂದ. ಮೊದಲ ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ಇಂದು ಒಂದು ಸಣ್ಣ ಮದುವೆ ಮನೆಯ ಆಂಪ್ಲಿಫೈಯರ್ ಕೂಡ ಅದಕ್ಕಿಂತ ದೊಡ್ಡದಿರುತ್ತದೆ. ಕೊಯಮತ್ತೂರಿನ ಜಿ. ಡಿ. ನಾಯ್ಡು ಅವರು 1941ರಲ್ಲಿ ಐದು ವಾಲ್ವಿನ ರೇಡಿಯೋವನ್ನು 70 ರೂಪಾಯಿಗೆ ಮಾಡಿಕೊಡಬಲ್ಲೆ ಎಂದು ಪ್ರಕಟಿಸಿದ್ದರು. ಮಾಡುವ ಕೈ ನಮ್ಮ ಹತ್ತಿರದಲ್ಲೇ ಇತ್ತು ಎಂಬುದಕ್ಕೆ ಈ ಮಾತು.

ಆದರೆ ವಾಲ್ವಿಗೆ ಕರೆಂಟು ಕೊಡುವುದು ಸುಲಭವಾಗಿರಲಿಲ್ಲ. ಒಳಗಿನ ತಂತಿ ಕಾಯಲು 6 ವೋಲ್ಟಿನ ಸುತ್ತಮುತ್ತ ಒಂದು ದಾರಿ ಬೇಕು. ದನಿಯ ಕೆಲಸಕ್ಕೆ 250, 300, ಕೆಲವಕ್ಕೆ 400 ವೋಲ್ಟಿನ ಇನ್ನೊಂದು ದಾರಿ ಬೇಕು. ಕರೆಂಟಿಲ್ಲದ ಹಳ್ಳಿಯಲ್ಲಿ 90 ವೋಲ್ಟಿನ ಒಣ ಬ್ಯಾಟರಿ ಕಟ್ಟನ್ನು ಹಾಕಿ ರೇಡಿಯೋ ನಡೆಸುತ್ತಿದ್ದರು. ದೊಡ್ಡ ಸೆಟ್ಟಾದರೆ ಆಸಿಡ್ ಬ್ಯಾಟರಿ, ಅದಕ್ಕೆ ಗುಂಯ್‌ಗುಟ್ಟುವ ವೈಬ್ರೇಟರ್. ಆಸಿಡ್ ಬ್ಯಾಟರಿ ಖಾಲಿಯಾದರೆ ಹೊತ್ತುಕೊಂಡು ಪೇಟೆಗೆ ಹೋಗಿ ಚಾರ್ಜ್ ಮಾಡಿಸಿ ತರಬೇಕು. ಬೆಟ್ಟದ ದಾರಿಯಲ್ಲಿ ಆ ಬ್ಯಾಟರಿಯ ಭಾರವನ್ನು ನೀವೇ ಊಹಿಸಿಕೊಳ್ಳಿ. ಹೀಗಾಗಿ ಆ ದಿನಗಳಲ್ಲಿ ಹಳ್ಳಿಗಳಿಗೆ ಪಟ್ಟಣದ ದನಿ ಬಂತು, ಹಳ್ಳಿಯ ದನಿ ಹೊರಗೆ ಹೋಗಲಿಲ್ಲ. ಕೇಳಲು ಕಡಿಮೆ ಕರೆಂಟು ಸಾಕು, ಕೇಳಿಸಲು ಹೆಚ್ಚು ಬೇಕು.

ಸ್ವಾತಂತ್ರ್ಯದ ನಂತರ ಸಂಗತಿ ಬದಲಾಯಿತು. ಮದ್ರಾಸ್ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ 1957ರಲ್ಲಿ ಸ್ಥಾಪನೆಯಾಯಿತು. ಕೆನಡಾ ದೇಶದ ನೆರವಿನಿಂದ ಕುಂದಾ ಯೋಜನೆ ಎದ್ದಿತು. 1950, 60ರ ದಶಕಗಳಲ್ಲಿ ಹಳ್ಳಿಗಳಿಗೆ ಕಂಬ ನೆಡುವ ಕೆಲಸ ಈ ರಾಜ್ಯದಲ್ಲಿ ಬಹಳ ಬಿರುಸಾಗಿ ನಡೆಯಿತು. ಪಂಚಾಯಿತಿ ಕಟ್ಟಡಕ್ಕೆ ರೇಡಿಯೋ ಬಂತು, ಹೊರಗೆ ಲೌಡ್‌ಸ್ಪೀಕರ್ ಬಂತು.

ಅದೇ ವೇಳೆಗೆ ವಾಲ್ವಿನ ಕಾಲ ಮುಗಿಯುತ್ತಾ ಬಂದಿತ್ತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾಯಿತು. ಅಲ್ಲಿ 1961ರಲ್ಲಿ ರೇಡಿಯೋ ವಾಲ್ವುಗಳು, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು ತಯಾರಾಗತೊಡಗಿದವು. ಟ್ರಾನ್ಸಿಸ್ಟರಿಗೆ 300 ವೋಲ್ಟ್ ಬೇಡ, 6 ಅಥವಾ 12 ಸಾಕು. ಈ ಒಂದು ಬದಲಾವಣೆಯಿಂದಲೇ ಮನೆಯಲ್ಲಿ ಕುಳಿತು ಸೆಟ್ಟು ಜೋಡಿಸುವ ಧೈರ್ಯ ಸಾಮಾನ್ಯರಿಗೆ ಬಂತು.

1970ರ ದಶಕದಲ್ಲಿ ಇಟಲಿಯಿಂದ ಟಿಬಿಎ 810 ಎಂಬ ಐಸಿ ಬಂತು, 7 ವ್ಯಾಟಿನದು. ಬಳಿಕ ಜಪಾನಿನ ಸಾನ್ಯೋ ಕಂಪನಿಯ ಎಲ್‌ಎ 4440. ನಮ್ಮ ಕಡೆ ಅಂಗಡಿಯಲ್ಲಿ ಪೂರ್ತಿ ಹೆಸರು ಹೇಳುವವರಿಲ್ಲ, ನಾಲ್ಕು ನಾಲ್ಕು ನಲವತ್ತು ಎಂದರೆ ಸಾಕು. ಹದಿನಾಲ್ಕು ಕಾಲಿನ ಆ ಕಪ್ಪು ತುಂಡಿನೊಳಗೆ ಎರಡು ಆಂಪ್ಲಿಫೈಯರ್‌ಗಳಿವೆ, ಒಂದೊಂದೂ 6 ವ್ಯಾಟ್; ಎರಡನ್ನೂ ಸೇರಿಸಿ ಬ್ರಿಡ್ಜ್ ಮಾಡಿದರೆ 19 ವ್ಯಾಟ್. ಇದನ್ನು ಮಾಡಿದ್ದು ಕಾರಿನ ಸ್ಟೀರಿಯೋಗೆ. ಅದರ ಹದ 13.2 ವೋಲ್ಟ್ ಎಂದು ಕಂಪನಿಯ ಹಾಳೆಯಲ್ಲಿ ಬರೆದಿರುವುದು ಅದಕ್ಕೇ, ಕಾರಿನ ಬ್ಯಾಟರಿಯ ವೋಲ್ಟು ಅದು. ಜಪಾನಿನ ಕಾರಿಗೆ ಮಾಡಿದ ತುಂಡು ನಮ್ಮಂಥ ಊರುಗಳಿಗೆ ಹೇಳಿ ಮಾಡಿಸಿದಂತಾಯಿತು. ಕರೆಂಟು ಹೋದರೆ ಜೀಪಿನ ಬ್ಯಾಟರಿಗೆ ಎರಡು ವೈರ್ ಹಾಕಿದರೆ ಹಾಡು ನಿಲ್ಲುವುದಿಲ್ಲ. ಬಡಗ ಹಾಡುಗಳ ಕ್ಯಾಸೆಟ್ಟುಗಳು ಹಟ್ಟಿ ಹಟ್ಟಿಯಲ್ಲಿ ಮೊಳಗಿದ ಕಾಲವೂ ಅದೇ. ನಮ್ಮ ಮಾತು ನಮ್ಮ ಬೀದಿಯಲ್ಲಿ ದೊಡ್ಡ ದನಿಯಲ್ಲಿ ಕೇಳಿಬಂತು. ಪೈಕಾರಾದ ತಂತಿ ತಲೆಯ ಮೇಲೆ ಹಾದು ಹೋಗಿ ಅಷ್ಟು ಹೊತ್ತಿಗೆ ಐವತ್ತು ವರ್ಷವಾಗಿತ್ತು.

ಇನ್ನು ಜೋಡಿಸುವವರಿಗೆ ನಾಲ್ಕು ಮಾತು. ನಾನು ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ.

ಅಂಗಡಿಯಲ್ಲಿ ಟ್ರಾನ್ಸ್‌ಫಾರ್ಮರ್ ಕೇಳಿದರೆ ಸಾಮಾನ್ಯವಾಗಿ 12-0-12 ಎಂಬುದನ್ನು ಕೊಡುತ್ತಾರೆ. ಅದರ ಎರಡು ತುದಿಗಳ ನಡುವೆ ಇರುವುದು 12 ಅಲ್ಲ, 24 ವೋಲ್ಟ್. ಆ ಎರಡು ತುದಿಗೆ ನಾಲ್ಕು ಡಯೋಡಿನ ಬ್ರಿಡ್ಜ್ ಹಾಕಿದರೆ ಕೆಪ್ಯಾಸಿಟರಿನಲ್ಲಿ 30ಕ್ಕಿಂತ ಹೆಚ್ಚು ವೋಲ್ಟ್ ಕೂಡುತ್ತದೆ, 4440 ಅಲ್ಲೇ ಸುಟ್ಟು ಹೋಗುತ್ತದೆ. ನಡುವಿನ ಸೊನ್ನೆಯ ವೈರನ್ನು ಗ್ರೌಂಡ್ ಮಾಡಿ, ತುದಿಗೊಂದರಂತೆ ಎರಡೇ ಡಯೋಡ್ ಹಾಕಿದರೆ ಸುಮಾರು 16 ವೋಲ್ಟ್ ಬರುತ್ತದೆ. ಎಸಿಯ 12ಕ್ಕೆ ಡಿಸಿಯಲ್ಲಿ 16 ಹೇಗೆ ಎಂದು ಕೇಳುತ್ತೀರಿ. ಮೀಟರು ತೋರಿಸುವ 12 ಒಂದು ರೀತಿಯ ಸರಾಸರಿ. ಅಲೆಯ ನೆತ್ತಿ ಅದರ 1.414 ಪಟ್ಟು ಎತ್ತರದಲ್ಲಿದೆ. ಕೆಪ್ಯಾಸಿಟರ್ ನೆತ್ತಿಯ ತನಕ ತುಂಬಿಕೊಳ್ಳುತ್ತದೆ, ಡಯೋಡು ತನ್ನ ಕಮಿಷನ್ 0.7 ವೋಲ್ಟ್ ಹಿಡಿದುಕೊಳ್ಳುತ್ತದೆ. ಆದರೆ 4440 ಕೆಲಸ ಮಾಡುವಾಗ ತಡೆಯುವ ಕೊನೆಯ ಮಿತಿ 18 ವೋಲ್ಟ್ ಎಂಬುದನ್ನು ಮರೆಯಬಾರದು. 16 ಎಂದರೆ ಗಡಿಯ ಹತ್ತಿರವೇ. ನನ್ನ ಕೈಗೆ ಕೊಟ್ಟರೆ ನಾನು 9-0-9, 3 ಆಂಪಿಯರಿನದನ್ನು ಹಾಕುತ್ತೇನೆ. ದನಿ ಸ್ವಲ್ಪ ಕಡಿಮೆಯಾದರೂ ಐಸಿ ತಣ್ಣಗಿರುತ್ತದೆ. ಹೀಟ್ ಸಿಂಕಿನಲ್ಲಿ ಮಾತ್ರ ಜಿಪುಣತನ ಬೇಡ.

ಫಿಲ್ಟರ್ ಕೆಪ್ಯಾಸಿಟರ್ ಎಂದರೆ ಕ್ಯಾಷಿಯರ್ ಕೈಯಲ್ಲಿರುವ ನಗದು. ಹೆಡ್ ಆಫೀಸಿನಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಸೆಕೆಂಡಿಗೆ 100 ಸಲ ಹಣ ಬರುತ್ತದೆ. ನಡುವಿನ ಹೊತ್ತಿನಲ್ಲಿ ಗಿರಾಕಿಗಳಿಗೆ ಕೊಡಲು ನಗದು ಬೇಕು. 1 ಆಂಪಿಯರ್ ಎಳೆಯುವಾಗ 2200 ಮೈಕ್ರೋಫ್ಯಾರಡ್ ಹಾಕಿದ್ದರೆ ಪ್ರತಿ ಸಲ ನಾಲ್ಕು ವೋಲ್ಟಿನಷ್ಟು ಕುಸಿಯುತ್ತದೆ, 4700 ಹಾಕಿದರೆ ಎರಡು ವೋಲ್ಟ್. ತಮಟೆಯ ಪೆಟ್ಟು ಬಿದ್ದಾಗ ದನಿ ಒಡೆಯುವುದು ಬಹಳ ಸಲ ಸ್ಪೀಕರಿನ ದೋಷವಲ್ಲ, ಕೌಂಟರಿನಲ್ಲಿ ನಗದು ಇಲ್ಲದಿರುವುದು. ಕೆಪ್ಯಾಸಿಟರ್ 25 ವೋಲ್ಟಿನದೇ ಇರಲಿ, ಪ್ಲಸ್ಸು ಮೈನಸ್ಸು ತಿರುಗುಮುರುಗಾದರೆ ಅದು ಪಟಾಕಿಯಂತೆ ಸಿಡಿಯುತ್ತದೆ.

ಗುಂ ಎಂಬ ಶಬ್ದದ ಕಾಟ ಎಲ್ಲರಿಗೂ ಗೊತ್ತು. ಅದರಲ್ಲಿ ಎರಡು ಬಗೆ. 50ರ ಗುಂ ಹೊರಗಿನಿಂದ ಬರುವುದು, ಮೈಕಿನ ವೈರು ಮೈನ್ಸ್ ವೈರಿನ ಪಕ್ಕ ಓಡುತ್ತಿದ್ದರೆ ಅಥವಾ ಶೀಲ್ಡ್ ಬಿಟ್ಟು ಹೋಗಿದ್ದರೆ. 100ರ ಗುಂ ಒಳಗಿನದು, ಫಿಲ್ಟರ್ ಸಾಲದೆ ಬರುವುದು. ಸಂಗೀತ ಬಲ್ಲವರಿಗೆ ಇವೆರಡೂ ಮಂದ್ರ ಷಡ್ಜ ಮತ್ತು ಮಧ್ಯ ಷಡ್ಜ ಇದ್ದ ಹಾಗೆ, ಕಿವಿಯಿಂದಲೇ ಬೇರೆ ಮಾಡಬಹುದು. ಗ್ರೌಂಡ್ ವೈರ್‌ಗಳನ್ನು ಸರಪಳಿಯಂತೆ ಒಂದರಿಂದ ಒಂದಕ್ಕೆ ಕಟ್ಟಬಾರದು. ಎಲ್ಲವೂ ಫಿಲ್ಟರ್ ಕೆಪ್ಯಾಸಿಟರಿನ ಮೈನಸ್ ತುದಿಗೆ ಬಂದು ಸೇರಲಿ. 4440ರಲ್ಲಿ ಸಣ್ಣ ದನಿಯ ಗ್ರೌಂಡಿಗೇ ಬೇರೆ ಕಾಲು, ಸ್ಪೀಕರಿನ ಗ್ರೌಂಡಿಗೇ ಬೇರೆ ಕಾಲು ಇಟ್ಟಿರುವುದು ಇದೇ ಕಾರಣಕ್ಕೆ. ಸೇವಿಂಗ್ಸ್ ಖಾತೆಯನ್ನೂ ಕರೆಂಟ್ ಖಾತೆಯನ್ನೂ ಒಂದೇ ಹಾಳೆಯಲ್ಲಿ ಬರೆದರೆ ಲೆಕ್ಕ ಕೂಡುವುದಿಲ್ಲವಲ್ಲ.

ಈಗಿನ ಹುಡುಗರು ತರುವ ಬ್ಲೂಟೂತ್ ಬೋರ್ಡುಗಳು ಬೇರೆ ಜಾತಿ, ಕ್ಲಾಸ್ ಡಿ ಎನ್ನುತ್ತಾರೆ. ಬಂದ ಕರೆಂಟಿನಲ್ಲಿ ಬಹುಪಾಲನ್ನು ಶಾಖವಾಗಿ ಕಳೆಯದೆ ಸ್ಪೀಕರಿಗೆ ಮುಟ್ಟಿಸುತ್ತವೆ, ಒಳ್ಳೆಯದೇ. ಆದರೆ ಪಿಎಎಂ 8403 ಎಂಬ ಬೆರಳುಗುರಿನಷ್ಟಿನ ಬೋರ್ಡಿಗೆ 5 ವೋಲ್ಟ್ ಮೀರಿ ಕೊಡಬಾರದು. ಅದರ ಸ್ಪೀಕರ್ ಮೈನಸ್ಸನ್ನು ಗ್ರೌಂಡಿಗೆ ಸೇರಿಸಲೂಬಾರದು, ಅಲ್ಲಿ ಎರಡು ತುದಿಗಳಿಗೂ ಜೀವವಿದೆ. ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರನ್ನು ಸಿಕ್ಕಿದ ಬೋರ್ಡಿಗೆಲ್ಲ ಚುಚ್ಚುವ ಅಭ್ಯಾಸ ಕೆಟ್ಟದ್ದು. ಮೊದಲು ಬೋರ್ಡಿನ ಮೇಲೆ ಬರೆದದ್ದನ್ನು ಓದಬೇಕು.

ಬೆಟ್ಟದ ಊರಿಗೆ ಇನ್ನೊಂದು ಮುಖ್ಯ ಸಂಗತಿಯಿದೆ. ದೇವಸ್ಥಾನದಲ್ಲಿ ಆಂಪ್ಲಿಫೈಯರ್, ಹಾರ್ನ್ ಇರುವುದು ಎದುರು ದಿಣ್ಣೆಯ ಮೇಲೆ. ನಡುವಿನ ವೈರಿನ ತಡೆ 4 ಓಮ್ ಎಂದಿಟ್ಟುಕೊಳ್ಳಿ. 8 ಓಮ್ ಸ್ಪೀಕರಿಗೆ 30 ವ್ಯಾಟ್ ಮುಟ್ಟಬೇಕಾದರೆ ಸುಮಾರು 2 ಆಂಪಿಯರ್ ಹರಿಯಬೇಕು. ಆಗ ವೈರಿನಲ್ಲೇ 15 ವ್ಯಾಟ್ ಸುಟ್ಟುಹೋಗುತ್ತದೆ. ಅದೇ 30 ವ್ಯಾಟನ್ನು ಆಂಪ್ಲಿಫೈಯರಿನ 100 ವೋಲ್ಟ್ ಲೈನಿನಿಂದ ಕಳಿಸಿ, ಹಾರ್ನಿನ ಬುಡದಲ್ಲಿ ಲೈನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಹರಿಯುವುದು 0.3 ಆಂಪಿಯರ್, ನಷ್ಟ ಅರ್ಧ ವ್ಯಾಟಿಗೂ ಕಡಿಮೆ. ಪೈಕಾರಾದಿಂದ ಕೊಯಮತ್ತೂರಿಗೆ ಸಾವಿರಾರು ವೋಲ್ಟಿಗೆ ಏರಿಸಿ ಕಳಿಸಿದ್ದೂ ಇದೇ ಲೆಕ್ಕದ ಮೇಲೆ. ಆದರೆ 100 ವೋಲ್ಟ್ ಲೈನು ಮುಟ್ಟಿದರೆ ಹೊಡೆಯುತ್ತದೆ. ಮಕ್ಕಳ ಕೈಗೆ ಎಟುಕದಂತೆ ಎತ್ತರದಲ್ಲಿ ಎಳೆಯಿರಿ.

ಹೊಡೆಯುವ ಮಾತು ಬಂತು. ಮಂಜು, ಮಳೆ, ಒದ್ದೆ ನೆಲ, ಬರಿಗಾಲು, ಕಬ್ಬಿಣದ ಮೈಕ್ ಸ್ಟ್ಯಾಂಡು: ನಮ್ಮ ಹೆತ್ತೆ ಹಬ್ಬದ ದಿನಗಳಲ್ಲಿ ಇವೆಲ್ಲ ಒಟ್ಟಿಗೆ ಇರುತ್ತವೆ. ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ ಫ್ಯೂಸ್ ಇಲ್ಲದೆ, ಕಬ್ಬಿಣದ ಪೆಟ್ಟಿಗೆಗೆ ಅರ್ತ್ ಇಲ್ಲದೆ, ಮೂರು ಪಿನ್ನಿನ ಪ್ಲಗ್ ಇಲ್ಲದೆ ಯಾವ ಸೆಟ್ಟನ್ನೂ ಹೊರಗೆ ತರಬೇಡಿ. ಕಂಬದ ತಂತಿಗೆ ಕೊಕ್ಕೆ ಹಾಕಿ ಹಬ್ಬ ಮಾಡುವುದು ಕಳ್ಳತನವೂ ಹೌದು, ಸಾವಿಗೆ ದಾರಿಯೂ ಹೌದು. ಮಂಡಳಿಯಿಂದ ತಾತ್ಕಾಲಿಕ ಕನೆಕ್ಷನ್ ಕೇಳಿದರೆ ಕೊಡುತ್ತಾರೆ. ಅದರ ಮುಂದೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಂದನ್ನು ಹಾಕಿಸಿ. ಹೊಸದಾಗಿ ಜೋಡಿಸಿದ ಸೆಟ್ಟಿಗೆ ಮೊದಲ ಸಲ ಕರೆಂಟು ಕೊಡುವಾಗ ಹಳೆಯ 60 ವ್ಯಾಟಿನ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿ. ಬಲ್ಬು ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದು ಅರ್ಥ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಆಗದು.

2000ನೆಯ ಇಸವಿಯ ಶಬ್ದ ಮಾಲಿನ್ಯದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಹಬ್ಬದ ಕೆಲವು ದಿನಗಳಿಗೆ ಮಾತ್ರ ಸರ್ಕಾರ 12ರ ತನಕ ಬಿಡಬಹುದು. ಒಳ್ಳೆಯ ನಿಯಮವೆಂದೇ ನನ್ನ ಅಭಿಪ್ರಾಯ. ಪರೀಕ್ಷೆಗೆ ಓದುವ ಮಗುವಿಗೂ, ಮುಂಜಾನೆ ಟೀ ಎಲೆ ಕೀಳಲು ಹೋಗುವ ಹೆಂಗಸಿಗೂ ನಿದ್ದೆ ಬೇಕು.

ಕೊನೆಯದಾಗಿ, ರಾತ್ರಿಯ ವೋಲ್ಟೇಜನ್ನು ಒಮ್ಮೆ ಅಳೆದು ನೋಡಿ. ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ದೀಪ ಉರಿಯುವಾಗ 230 ಇರಬೇಕಾದದ್ದು ಎಷ್ಟೋ ಇಳಿದಿರುತ್ತದೆ. ಹನ್ನೊಂದಕ್ಕೆ ಊರು ಮಲಗಿದ ಮೇಲೆ ಅದೇ ವೈರಿನಲ್ಲಿ 250 ಏರಿದರೂ ಆಶ್ಚರ್ಯವಿಲ್ಲ. ಸಂಜೆ 16 ತೋರಿಸಿದ ಬೋರ್ಡು ಆ ಹೊತ್ತಿಗೆ 18ನ್ನು ದಾಟಿರುತ್ತದೆ. ಹಾಡು ನಿಲ್ಲಿಸಿದರೆ ಸಾಲದು, ಪ್ಲಗ್ ಕಿತ್ತು ಮಲಗಿ. ಮಾರನೆಯ ದಿನ ಪೆಟ್ಟಿಗೆ ಬಿಚ್ಚುವ ಕೆಲಸವಿದ್ದರೆ ಕೆಪ್ಯಾಸಿಟರಿನ ಎರಡು ಕಾಲಿಗೆ ಒಂದು ರೆಸಿಸ್ಟರ್ ಮುಟ್ಟಿಸಿ ಉಳಿದ ನಗದನ್ನು ಖಾಲಿ ಮಾಡಿ, ಆಮೇಲೆ ಕೈ ಹಾಕಿ.